ಗಲ್ಲಿಗೆ ಎಟುಕದ ಹಗ್ಗ

"ಕೇಳ್ರಪ್ಪೋ ಕೇಳ್ರಿ! ಹೂವಿನಕೋಟೆಯ ದೊರೆ ಬೊಮ್ಮರಸರ ಅಪ್ಪಣೆ! ರಾಜಕುಮಾರಿ ಪದ್ಮಲಾದೇವಿಯವರ ಮೂರು ಒಗಟು ಬಿಡಿಸಿದವನಿಗೆ ರಾಜಕುಮಾರಿಯೂ ಅರ್ಧ ರಾಜ್ಯವೂ! ತಪ್ಪಿದವನಿಗೆ ಗಲ್ಲು!"

ಡಂಗುರದವನು ಹಿತ್ತಲಿಗೇ ಬಂದು ಕೂಗಿದ್ದರಿಂದ ಹಗ್ಗ ಹೊಸೆಯುವ ಹುಚ್ಚೀರನ ಕಿವಿ ಗುಂಯ್ ಎಂದಿತು. ಅವನಿಗೆ ಬೇಕಿದ್ದದ್ದು ರಾಜ್ಯವಲ್ಲ, ನಡೆಯಲು ಒಂದಿಷ್ಟು ಜಾಗ. ಹಗ್ಗ ಹೊಸೆಯುವವನು ಪುಂಡಿ ನಾರನ್ನು ಗೂಟಕ್ಕೆ ಕಟ್ಟಿ, ಹುರಿ ಹಾಕುತ್ತ ಹಿಂದಕ್ಕೆ ಹಿಂದಕ್ಕೆ ನಡೆಯಬೇಕು. ಎಷ್ಟು ದೂರ ನಡೆದನೋ ಅಷ್ಟೇ ಉದ್ದ ಹಗ್ಗ. ಅವನಪ್ಪನ ಕಾಲದಲ್ಲಿ ಊರಬಯಲಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು. ಈಗ ಬಯಲಿನ ತುಂಬ ಮುಳ್ಳುಪೊದೆ. ನಾವು ಲಂಟಾನ ಎನ್ನುವ ಗಿಡವೇ ಅದು, ಆಗ ಅದಕ್ಕೆ ರಾಜಹೂ ಎಂಬ ದೊಡ್ಡ ಹೆಸರು. ಹುಚ್ಚೀರ ಹಿತ್ತಲಲ್ಲಿ ಹೊಸೆಯಲು ಶುರು ಮಾಡಿದರೆ ಅಷ್ಟರಲ್ಲೇ ಬೆನ್ನಿಗೆ ಗೋಡೆ ಬಡಿಯುತ್ತಿತ್ತು. ಊರಿನ ಹಗ್ಗಗಳೆಲ್ಲ ಮೋಟಾದವು. ಬಾವಿಗೆ ಬಿಟ್ಟ ಕೊಡ ನೀರಿನ ಮುಖ ನೋಡದೆ ಮೇಲೆ ಬರುತ್ತಿತ್ತು, ಗಂಟು ಹಾಕಿ ಉದ್ದ ಮಾಡಿದರೆ ರಾಟೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಹೆಂಗಸರು ಅರಸನನ್ನು ಬೈಯುವಂತಿಲ್ಲ, ಹಾಗಾಗಿ ಹುಚ್ಚೀರನನ್ನು ಬೈಯುತ್ತಿದ್ದರು.

ಅತ್ತ ಅರಮನೆಗೆ ವರರು ಸಾಲುಗಟ್ಟಿದರು. ಮೊದಲು ಬಂದವನು ದಂಡನಾಯಕ.

"ಕಡಿದರೆ ಚಿಗುರುತ್ತದೆ, ಸುಟ್ಟರೆ ದಟ್ಟವಾಗುತ್ತದೆ, ಬೈದರೂ ನಗುನಗುತ್ತ ಅರಳುತ್ತದೆ. ಏನದು?" ಎಂದಳು ಪದ್ಮಲೆ.

"ಗಡ್ಡ!" ಎಂದ ದಂಡನಾಯಕ, ತನ್ನದನ್ನು ನೀವಿಕೊಂಡು.

"ಸುಟ್ಟು ನೋಡೋಣವೇ?"

"ಬೇಡ, ಗಲ್ಲೇ ಆಗಲಿ," ಎಂದು ಅವನು ಪಕ್ಕಕ್ಕೆ ಸರಿದ.

ಪಕ್ಕದ ರಾಜ್ಯದ ಯುವರಾಜ ದಾರಿಯಲ್ಲಿ ಮುಳ್ಳಿಗೆ ಧೋತರ ಹರಿದುಕೊಂಡು ಬಂದಿದ್ದರಿಂದ ಮೊದಲನೆಯದಕ್ಕೆ ಸರಿಯಾಗಿ "ರಾಜಹೂ" ಎಂದ. ಪದ್ಮಲೆ ಎರಡನೆಯದನ್ನು ಕೇಳಿದಳು: "ಯಾರೊಬ್ಬರದೂ ಅಲ್ಲ, ಎಲ್ಲರದೂ ಹೌದು. ಬಾಗಿಲಿಲ್ಲ, ಸೂರಿಲ್ಲ, ಆದರೂ ಇಡೀ ಊರು ಅಲ್ಲಿ ಬಾಳುತ್ತದೆ. ಇದ್ದಾಗ ಖಾಲಿ ಅನ್ನುತ್ತಾರೆ, ತುಂಬಿದ ಮೇಲೆ ಕಳೆದುಹೋಯಿತು ಅಂತ ಅಳುತ್ತಾರೆ." ಯುವರಾಜ ಬಹಳ ಯೋಚಿಸಿ "ಹೊಟ್ಟೆ" ಎಂದ. ಅವನೂ ಗಲ್ಲಿನ ಸಾಲಿಗೆ ಸೇರಿದ.

ಮಂತ್ರಿಯ ಮಗ ಎರಡನ್ನೂ ಬಿಡಿಸಿದ. "ಕಳ್ಳನನ್ನು ಪಲ್ಲಕ್ಕಿಯಲ್ಲಿ ಕೂರಿಸಿ, ವಾದ್ಯ ಬಾರಿಸಿ ಊರೊಳಗೆ ಕರೆತಂದ ಪುಣ್ಯಾತ್ಮ ಯಾರು?" ಎಂದಳು ಪದ್ಮಲೆ. ಮಂತ್ರಿಯ ಮಗ ಅರಸನ ಮೀಸೆ ನೋಡಿದ, ಬೆವರಿದ, "ಗಾಳಿ" ಎಂದುಬಿಟ್ಟ. ಉತ್ತರ ಸಭೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅರಸನೊಬ್ಬನನ್ನು ಬಿಟ್ಟು.

ಆದರೆ ಯಾರನ್ನೂ ಗಲ್ಲಿಗೇರಿಸಲು ಆಗಲಿಲ್ಲ. ಬೊಮ್ಮರಸ ಗಲ್ಲುಮರವನ್ನು ತನ್ನ ಘನತೆಗೆ ತಕ್ಕಷ್ಟು ಎತ್ತರಕ್ಕೆ ಕಟ್ಟಿಸಿದ್ದ, ಹಗ್ಗ ಕೆಳಗೆ ಎಟುಕುತ್ತಿರಲಿಲ್ಲ. ಗಂಟು ಹಾಕಿದ ಹಗ್ಗ ಮುಟ್ಟುವುದು ನಮ್ಮ ಮನೆತನಕ್ಕೆ ಅವಮಾನ ಎಂದು ಗಲ್ಲು ಹಾಕುವ ಮಾರ ಹಟ ಹಿಡಿದ. ಸೋತವರೆಲ್ಲ ಅತಿಥಿಗೃಹದಲ್ಲಿ ಹೋಳಿಗೆ ಉಣ್ಣುತ್ತ ಸಾವಿಗಾಗಿ ಕಾದರು, ಮೈಕೈ ತುಂಬಿಕೊಂಡರು. ಅರಸನಿಗೆ ಉರಿದುಹೋಯಿತು. ಹುಚ್ಚೀರನನ್ನು ಎಳೆದು ತರಿಸಿದ.

"ನಾಳೆಯೊಳಗೆ ಉದ್ದನೆಯ ಹಗ್ಗ ಬರದಿದ್ದರೆ ನಿನ್ನನ್ನೇ ನೇತುಹಾಕಿಸುತ್ತೇನೆ!"

"ಯಾವ ಹಗ್ಗಕ್ಕ್ರೀ, ಮಾರಾಜರ?"

ಸಭೆಯಲ್ಲಿ ಯಾರೋ ಕಿಸಕ್ಕೆಂದರು. "ಅವರಿಗೆ ಗಲ್ಲು ಅಂತ ಡಂಗುರ ಸಾರಿದ್ದೇನೆ, ಮಾತು ತಪ್ಪುವಂತಿಲ್ಲ. ನಿನಗೆ ಕತ್ತಿಯೇ ಸಾಕು," ಎಂದ ಅರಸ.

ಹುಚ್ಚೀರ ಕೈ ಮುಗಿದ. "ಹಂಗಾದ್ರ ನಾನೂ ಒಗಟಿಗೆ ನಿಂದರ್ತೀನ್ರಿ. ಸೋತ್ರ ನನಗೂ ಗಲ್ಲು ಆಗ್ತೈತಿ. ಹಗ್ಗ ಬರೋತನಕ ಹೋಳಿಗಿ ಆದ್ರೂ ಸಿಗ್ತಾವು."

ಪದ್ಮಲೆ ಸೆರಗಿನಲ್ಲಿ ನಗು ಮುಚ್ಚಿಕೊಂಡು ಒಗಟುಗಳನ್ನು ಕೇಳಿದಳು. ಮೊದಲನೆಯದಕ್ಕೆ "ರಾಜಹೂ" ಎಂದ. ಎರಡನೆಯದಕ್ಕೆ "ನಮ್ಮ ಊರಬಯಲು" ಎಂದ. ಮೂರನೆಯದು ಬಂತು. ಮಂತ್ರಿಯ ಮಗನಂತೆ ಗಾಳಿ ಅಂದರೆ ಹೋಳಿಗೆ, ನಿಜ ಅಂದರೆ ಕತ್ತಿ. ಗಾಳಿ ಎನ್ನಲು ಬಾಯಿ ತೆರೆದ. ಆಗ ಬಾವಿಯಿಂದ ಬರಿದೇ ಮೇಲೆ ಬರುವ ಕೊಡದ ಟಣ್ ಸದ್ದು ನೆನಪಾಯಿತು.

"ನೀವ ರೀ, ಮಾರಾಜರ."

ಅರಸನ ಕೈ ಕತ್ತಿಗೆ ಹೋಯಿತು. ಹುಚ್ಚೀರ ಕಣ್ಣು ಮುಚ್ಚಿಕೊಂಡೇ ಮುಂದುವರಿಸಿದ. "ಸಣ್ಣ ಅವ್ವಾರು ಹುಟ್ಟಿದಾಗ ಆ ಗಿಡಾನ ಹಡಗಿನಿಂದ ತರಿಸಿ, ಪಲ್ಲಕ್ಕ್ಯಾಗ ಮೆರಸಿ, ಬಯಲಾಗ ನೆಟ್ರಿ. ಪಲ್ಲಕ್ಕಿಗೆ ಹಗ್ಗ ಕಟ್ಟಿದವ ನಮ್ಮಪ್ಪ. ಆದ್ರ ನಿಮ್ದೊಂದ ತಪ್ಪಲ್ರಿ. ನಮ್ಮ ಓಣ್ಯಾಗಿನವ್ರು ಕಾಯಿ ತುಂಬಿದ ಕೊಂಬಿ ಕಡದು ಗಾಣಿಗೇರ ಓಣಿ ಕಡೆ ಒಗದ್ವಿ. ಅವರು ತಮ್ಮವನ್ನ ನಮ್ಮ ಕಡೆ ಒಗದ್ರು. ಬಿದ್ದಲ್ಲೆಲ್ಲ ಹುಟ್ಟಿಕೊಂಡ್ವು. ಬೇರು ಕೀಳಾಕ ಯಾರೂ ಬಗ್ಗಲಿಲ್ಲ."

"ಉತ್ತರ ಸರಿ, ಅಪ್ಪಾಜಿ," ಎಂದಳು ಪದ್ಮಲೆ. "ನನ್ನ ಮೇಲಿನ ಪ್ರೀತಿಯಿಂದ ತಂದ ಹೂವು. ನಾನೇ ಹೇಗೆ ಹೇಳಲಿ? ಅದಕ್ಕೇ ಒಗಟು ಕಟ್ಟಿದೆ. ಗಲ್ಲನ್ನು ಸೇರಿಸಿದವರು ನೀವು. ಊರಲ್ಲಿ ಹಗ್ಗವಿಲ್ಲ ಅಂತ ಗೊತ್ತಿದ್ದೇ ಒಪ್ಪಿಕೊಂಡೆ. ಒಂದು ನಾಗರ ಪಂಚಮಿಗಾದರೂ ಆ ಬಯಲಿನಲ್ಲಿ ನಾನು ಜೋಕಾಲಿ ಆಡಿಲ್ಲ."

"ನನಗೆ ಇಷ್ಟು ದಿನ ಯಾಕೆ ಯಾರೂ ಹೇಳಲಿಲ್ಲ?" ಎಂದು ಅರಸ ಗುಡುಗಿದ. ಎಲ್ಲರ ಕಣ್ಣೂ ಕಿಟಕಿಯಾಚೆಯ ಗಲ್ಲುಮರದ ಕಡೆಗಿತ್ತು. ಅರಸನೂ ಅತ್ತ ನೋಡಿದ. ಕತ್ತಿಯಿಂದ ಕೈ ತೆಗೆದು, ಕಣ್ಣೊರೆಸಿಕೊಂಡ.

"ಅರ್ಧ ರಾಜ್ಯ ನಿನ್ನದು," ಎಂದ.

"ಅದರಾಗೂ ಮುಳ್ಳ ಐತ್ರಿ. ಬಯಲು ಕೊಡ್ರಿ, ಊರಿಗೆ," ಎಂದ ಹುಚ್ಚೀರ. ಆಮೇಲೆ ಪದ್ಮಲೆಯ ಕಡೆ ತಿರುಗಿ ತಡವರಿಸಿದ. "ಅವ್ವಾರ, ಡಂಗುರ ಹೊಡಿಯೋ ಮುಂದ ನಿಮ್ಮನ್ನ ಯಾರರ ಕೇಳಿದ್ರೇನ್ರಿ? ನಿಮಗ ಒಪ್ಪಿಗಿ ಐತೇನು?"

"ಜೋಕಾಲಿ ಕಟ್ಟಿದ ಮೇಲೆ ಹೇಳುತ್ತೇನೆ."

ಮಳೆ ಬಿದ್ದು ನೆಲ ಮೆತ್ತಗಾದಾಗ, ಗಿಡ ಕಾಯಿ ಕಟ್ಟುವ ಮೊದಲೇ ಊರಿಗೆ ಊರೇ ಬಯಲಿಗಿಳಿಯಿತು. ಮೊದಲ ಗಿಡ ಅರಸನದು. ಜಗ್ಗಿದ ರಭಸಕ್ಕೆ ಬೇರು ಕೈಗೆ ಬಂತು, ಅರಸ ಕುಂಡಿ ಊರಿ ಕೂತ. ಜನ ನಗು ನುಂಗಿಕೊಂಡರು, ಅರಸನೇ ಮೊದಲು ನಕ್ಕ ಮೇಲೆ ಎಲ್ಲರೂ ನಕ್ಕರು. ಸೋತ ವರರು ಗಲ್ಲಿನ ಬದಲು ಬೇರು ಕಿತ್ತು ಹೋಳಿಗೆ ಕರಗಿಸಿದರು. ಕಿತ್ತದ್ದನ್ನು ಬೇರು ಮೇಲಾಗಿ ಬಿಸಿಲಿಗೆ ಒಣಗಿಸಿದರು, ಯಾರೂ ಪಕ್ಕದ ಓಣಿಗೆ ಎಸೆಯಲಿಲ್ಲ. ಮತ್ತೆ ಮೊಳೆತವನ್ನು ಪ್ರತಿ ಅಮಾವಾಸ್ಯೆಗೆ ಆಯಾ ಓಣಿಯವರು ಕೀಳುತ್ತ ಬಂದರು.

ಬಯಲಿನಲ್ಲಿ ಹುಲ್ಲು ಹಸಿರಾದ ಮೇಲೆ ಹುಚ್ಚೀರ ಗೂಟ ನೆಟ್ಟು ಹಿಂದಕ್ಕೆ ನಡೆದ. ನಡೆದೇ ನಡೆದ, ಬೆನ್ನಿಗೆ ಗೋಡೆ ಬಡಿಯಲೇ ಇಲ್ಲ. ಮೊದಲ ಹಗ್ಗ ಬಾವಿಗೆ ಹೋಯಿತು, ಕೊಡ ಗುಳುಗುಳು ಎಂದು ಮುಳುಗಿತು. ಎರಡನೆಯದು ಪಂಚಮಿಗೆ. ಊರಲ್ಲೆಲ್ಲ ಅಷ್ಟು ಎತ್ತರದ ಮರ ಒಂದೇ ಇತ್ತು, ಅರಸನ ಗಲ್ಲುಮರ. ಅದನ್ನೇ ಬಯಲಿಗೆ ತಂದು ನೆಟ್ಟರು. ಮಾರ ಹಗ್ಗದುದ್ದಕ್ಕೂ ಕೈಯಾಡಿಸಿ, ಒಂದೂ ಗಂಟಿಲ್ಲವೆಂದು ಸಮಾಧಾನಪಟ್ಟು, ತಾನೇ ಜೋಕಾಲಿ ತೂಗಿದ.

ಪದ್ಮಲೆ ಮುಗಿಲಿಗೆ ಜೀಕಿದಳು. ಕೆಳಗೆ ಹುಚ್ಚೀರ ಕತ್ತು ಎತ್ತಿ ಕಾಯುತ್ತಿದ್ದ.

"ಒಪ್ಪಿಗೆ!" ಎಂಬ ಕೂಗು ಇಡೀ ಬಯಲಿಗೆ ಕೇಳಿಸಿತು.