ಗಡಿಕಲ್ಲಿನಿಂದ ಮರಳಿದ ಬುಟ್ಟಿ

“ಗುರುಗಳೇ, ಅಂದು ಗಡಿಕಲ್ಲಿನಿಂದ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಊರೊಳಗೆ ಮರಳಿ ಬಂದವಳು ಸಾಕ್ಷಾತ್ ದೇವಿಯೇ ಅಲ್ಲವೇ?”

ಹೀಗೆ ಕೇಳಿದವನು ಅಡವಯ್ಯ, ಮಠದ ಅಡುಗೆಮನೆಯ ಹೊಣೆ ಹೊತ್ತ ಶಿಷ್ಯ. ಊರಿನಲ್ಲಿ ಉಸಿರಿನಿಂದ ಉಸಿರಿಗೆ ಹರಡುವ ಜ್ವರ ಬಿದ್ದಿತ್ತು. ಮಠದ ಹಿಂದಿನ ಕೋಣೆಗಳಲ್ಲಿ ರೋಗಿಗಳು ಬಿಳಿ ಗಂಜಿ ಕುಡಿದು ಮಲಗಿದ್ದರು. ಅಂಗಳದಲ್ಲಿ ದೇವಿಗೆಂದು ಸೊಪ್ಪು, ಕಾಯಿ, ಕಾಳು ತುಂಬಿದ ಒಂದು ದೊಡ್ಡ ಬುಟ್ಟಿ ಕುಳಿತಿತ್ತು. ಸಂಜೆ ಅದನ್ನು ಗಡಿಗೆ ಒಯ್ದು ಇಡುವ ಸರದಿ ಅಡವಯ್ಯನದು. ಹಾಗೆ ಇಟ್ಟು ಬಂದರೆ ದೇವಿ ಹಿಂದೊಮ್ಮೆ ಬಂದಂತೆಯೇ ಬುಟ್ಟಿ ಹೊತ್ತು ಮರಳುತ್ತಾಳೆ, ಜ್ವರ ಹೋಗುತ್ತದೆ ಎಂದು ಊರು ನಂಬಿತ್ತು.

ಗುರುಗಳು ಬುಟ್ಟಿಯ ಕಡೆ ಒಮ್ಮೆ ನೋಡಿದರು. “ಕುಳಿತುಕೋ, ಸಂಜೆಗೆ ಇನ್ನೂ ಹೊತ್ತಿದೆ” ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಅವನಿಗೆ ಒಬ್ಬ ಹೆಂಡತಿ, ಒಬ್ಬಳೇ ಮಗಳು. ಒಂದು ವರ್ಷ ಆ ಊರಿಗೂ ಇಂಥದೇ ಜ್ವರ ಬಂತು. ಊರಿಗೆ ಹಿರಿಯನಾಗಿದ್ದವನು ಒಬ್ಬ ವರ್ತಕ. ಅವನು ಎಲ್ಲರನ್ನೂ ದೇವಿಯ ಗುಡಿಯ ಮುಂದೆ ನಿಲ್ಲಿಸಿ ವ್ರತ ಹಿಡಿಸಿದ. ಜ್ವರ ಊರು ಬಿಡುವವರೆಗೆ ಯಾರೂ ಹಸಿರು ತಿನ್ನಬಾರದು, ಹುಳಿ ಮುಟ್ಟಬಾರದು, ಕಾಳು ಬೇಯಿಸಬಾರದು. ಮತ್ತೆ ಮತ್ತೆ ಕುಟ್ಟಿ, ತೌಡಿನ ಸುಳಿವೂ ಉಳಿಯದಂತೆ ಬೆಳ್ಳಗೆ ಮಾಡಿದ ಅಕ್ಕಿಯ ಗಂಜಿಯೊಂದೇ ಆಹಾರ. ಮಲಗಿದವರ ಕೋಣೆಗೆ ಬಿಸಿಲು ಸೋಕಬಾರದು. ಬಿಳುಪು ದೇವಿಗೆ ಪ್ರಿಯ ಎಂದು ವರ್ತಕ ಹೇಳಿದ. ಯಾರು ಅವನಿಗೆ ಹಾಗೆಂದು ತಿಳಿಸಿದರು ಎಂದು ಯಾರೂ ಕೇಳಲಿಲ್ಲ.

ತಾವು ಬಿಟ್ಟದ್ದನ್ನು ಜನ ದೇವಿಗೆ ಕೊಟ್ಟರು. ಪ್ರತಿ ಮಂಗಳವಾರ ಮನೆಮನೆಯ ನುಗ್ಗೆಸೊಪ್ಪು, ನೆಲ್ಲಿಕಾಯಿ, ನಿಂಬೆ, ಎಳ್ಳು, ಬೆಲ್ಲ, ಮೊಳಕೆ ಬಂದ ಹುರುಳಿ, ಹಣ್ಣಾದ ಕುಂಬಳ ಎಲ್ಲವೂ ಒಂದೇ ಬುಟ್ಟಿಗೆ ಬೀಳುತ್ತಿದ್ದವು. ಸರದಿಯ ಮನೆಯವರು ಬುಟ್ಟಿ ಹೊತ್ತು ಗಡಿಕಲ್ಲು ದಾಟಬೇಕು, ಅಲ್ಲಿ ಇಳಿಸಬೇಕು, ಹಿಂತಿರುಗಿ ನೋಡದೆ ಬರಬೇಕು. ಬುಟ್ಟಿಯೊಂದಿಗೆ ದೇವಿಯ ಸಿಟ್ಟೂ ಗಡಿ ದಾಟುತ್ತದೆ ಎಂಬುದು ಲೆಕ್ಕ. ಮರುದಿನ ಬುಟ್ಟಿ ಬರಿದಾಗಿರುತ್ತಿತ್ತು. ದೇವಿ ಒಪ್ಪಿಕೊಂಡಳು ಎಂದು ಜನ ಕೈಮುಗಿಯುತ್ತಿದ್ದರು.

ಜ್ವರ ರೈತನ ಮನೆಗೂ ಬಂತು. ಮಗಳು ಮಲಗಿದಳು. ಕೆಲವು ದಿನಕ್ಕೆ ಜ್ವರ ಬಿಟ್ಟಿತು, ಆದರೆ ಹುಡುಗಿ ಏಳಲಿಲ್ಲ. ಒಸಡಿನಲ್ಲಿ ರಕ್ತ ಒಸರಿತು. ಬಾಯಿಯ ಅಂಚು ಒಡೆಯಿತು. ಕೂರಿಸಿದರೆ ಕುಸಿದಳು. ಊರಿನ ಎಷ್ಟೋ ಮನೆಗಳಲ್ಲಿ ಹೀಗೆಯೇ ಆಗಿತ್ತು. ಬಿಟ್ಟ ಜ್ವರ ಮತ್ತೊಮ್ಮೆ ಹೊಕ್ಕಾಗ ಇಂಥವರೇ ಮೊದಲು ಹೋಗುತ್ತಿದ್ದರು. ರೈತನ ಹೆಂಡತಿಗೆ ಅದು ಗೊತ್ತಿತ್ತು. ಅವಳು ಗಂಜಿಯನ್ನು ಇನ್ನಷ್ಟು ಬೆಳ್ಳಗೆ ಮಾಡಿದಳು. ಮಗಳು ಇನ್ನಷ್ಟು ಸೊರಗಿದಳು.

ಬುಟ್ಟಿಯ ಸರದಿ ಅವಳ ಮನೆಗೆ ಬಂತು. ಅವಳು ಹೊತ್ತಳು, ಗಡಿಕಲ್ಲು ದಾಟಿದಳು, ಇಳಿಸಿದಳು, ತಿರುಗಿ ನಡೆದಳು. ಆಗ ಬೆನ್ನ ಹಿಂದೆ ಮಕ್ಕಳು ನಗುವುದು ಕೇಳಿಸಿತು. ತನ್ನ ಊರಿನಲ್ಲಿ ಮಕ್ಕಳ ನಗು ಕೇಳಿ ಎಷ್ಟು ಕಾಲವಾಯಿತು ಎಂದು ಅವಳಿಗೆ ನೆನಪಾಗಲಿಲ್ಲ. ಕಾಲು ನಿಂತಿತು. ಮಗಳ ಮುಖ ಕಣ್ಣ ಮುಂದೆ ಬಂತು. ಅವಳು ಹಿಂತಿರುಗಿ ನೋಡಿದಳು.

ಅಲ್ಲಿ ದೇವಿ ಇರಲಿಲ್ಲ. ಕುರಿಗಾಹಿಯ ಸಂಸಾರವಿತ್ತು. ಅವನ ಹೆಂಡತಿ ಬುಟ್ಟಿ ಬಿಚ್ಚುತ್ತಿದ್ದಳು. ಇವಳನ್ನು ನೋಡಿ ಅವಳು ಬೆಚ್ಚಲಿಲ್ಲ.

“ಏನು ತಾಯಿ, ಈ ವಾರ ನೆಲ್ಲಿಕಾಯಿ ಕಡಿಮೆಯಾಯಿತಲ್ಲ? ನಿಮ್ಮ ದೇವಿ ಮುನಿಸಿಕೊಂಡಾಳು.”

“ದೇವರಿಗೆ ಇಟ್ಟದ್ದನ್ನು ತಿನ್ನುತ್ತೀರಲ್ಲ, ಹೆದರಿಕೆ ಇಲ್ಲವೇ? ನಿಮಗೆ ಜ್ವರ ಬರಲಿಲ್ಲವೇ?”

“ಬರದೆ ಏನು? ಬಂತು. ನಾವು ಊರ ಹೊರಗೆ ಇರುವವರು, ನಿಧಾನವಾಗಿ ಬಂತು, ಅಷ್ಟೇ. ಈ ಪುಟ್ಟಿಯನ್ನು ಚಾಪೆ ಹಿಡಿಸಿತ್ತು. ಈಗ ನೋಡು, ಟಗರನ್ನು ಹೇಗೆ ಗೋಳುಹೊಯ್ದುಕೊಳ್ಳುತ್ತಿದ್ದಾಳೆ! ಟಗರಿಗೆ ಜ್ವರ ಬರುವುದೊಂದು ಬಾಕಿ.”

ರೈತನ ಹೆಂಡತಿ ಆ ಮಗುವನ್ನು ನೋಡಿದಳು. ಮಗು ತನ್ನ ಮಗಳಷ್ಟೇ ದೊಡ್ಡದು. ಬಿಸಿಲಿನಲ್ಲಿ ಓಡುತ್ತಿತ್ತು. ಅದರ ಕೈಯಲ್ಲಿ ಇದ್ದದ್ದು ತಾನೇ ಬೆಳಿಗ್ಗೆ ದೇವಿಗೆಂದು ಆರಿಸಿ ಹಾಕಿದ ಬೆಲ್ಲದ ಅಚ್ಚು.

ಅವಳು ಬುಟ್ಟಿಯ ಬಳಿ ಹೋದಳು. ಒಂದು ಹಿಡಿ ನುಗ್ಗೆಸೊಪ್ಪು, ಕೆಲವು ನೆಲ್ಲಿಕಾಯಿ, ಸ್ವಲ್ಪ ಹುರುಳಿ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಳು. ಕುರಿಗಾಹಿಯ ಹೆಂಡತಿ ಒಂದು ನಿಂಬೆಯನ್ನು ಮೇಲೆ ಹಾಕಿದಳು.

ಮನೆಯಲ್ಲಿ ಅವಳು ಗಂಡನಿಗೂ ಹೇಳಲಿಲ್ಲ. ಒನಕೆಯನ್ನು ಮೂಲೆಗಿಟ್ಟಳು, ತೌಡು ಉಳಿದ ಅಕ್ಕಿಯನ್ನೇ ಬೇಯಿಸಿದಳು. ಸೊಪ್ಪನ್ನು ಅರೆದು ಗಂಜಿಯಲ್ಲಿ ಕಲಸಿದಳು. ಹಗಲು ಮಗಳನ್ನು ಹಿತ್ತಲಿನ ಬಿಸಿಲಿನಲ್ಲಿ ಕೂರಿಸಿದಳು. ನೆಲ್ಲಿಕಾಯಿಯ ಹುಳಿಗೆ ಹುಡುಗಿ ಮುಖ ಕಿವುಚಿದಳು. ತಾಯಿಗೆ ಅದೇ ಹಬ್ಬವಾಯಿತು. ಎಷ್ಟೋ ದಿನಗಳಿಂದ ಆ ಮುಖ ಯಾವುದಕ್ಕೂ ಕಿವುಚಿರಲಿಲ್ಲ.

ಹುಡುಗಿ ಒಂದೇ ದಿನದಲ್ಲಿ ಏಳಲಿಲ್ಲ. ಕತೆ ಕಟ್ಟುವವರು ಹಾಗೆಂದು ಹೇಳುತ್ತಾರೆ, ಅದು ಸುಳ್ಳು. ಮೊದಲು ಒಸಡಿನ ರಕ್ತ ನಿಂತಿತು. ಆಮೇಲೆ ಹಸಿವು ಬಂತು. ಆಮೇಲೆ ಗೋಡೆ ಹಿಡಿದು ನಿಂತಳು. ಒಂದು ದಿನ ಗೋಡೆಯನ್ನೂ ಬಿಟ್ಟಳು.

ತಾಯಿ ಹಿಗ್ಗಿದಳು, ಆದರೆ ಮನಸ್ಸನ್ನು ಹಿಗ್ಗಿನ ಕೈಗೆ ಕೊಡಲಿಲ್ಲ. ಇವಳು ತಾನಾಗಿಯೇ ಎದ್ದಿರಬಹುದಲ್ಲ ಎಂದು ಯೋಚಿಸಿದಳು. ಪಕ್ಕದ ಮನೆಯಲ್ಲಿ ಒಬ್ಬ ನೇಕಾರ ಮಗ್ಗದ ಕುಣಿಗೆ ಕಾಲು ಇಳಿಸಲಾರದೆ ಬಿದ್ದಿದ್ದ. ಅವನ ಹೆಂಡತಿಗೆ ವಿಷಯ ಹೇಳಿದಳು. ನೇಕಾರನೂ ನಿಧಾನವಾಗಿ ಎದ್ದ. ಆ ಬೀದಿಯ ಉಳಿದ ಮನೆಗಳಲ್ಲಿ ಬಿಳಿ ಗಂಜಿ ಕುಡಿದವರು ಮಲಗಿದ್ದಲ್ಲೇ ಇದ್ದರು. ಆಗ ಅವಳ ಅನುಮಾನ ತಿರುಗಿ ವ್ರತದ ಕಡೆಗೆ ನಿಂತಿತು.

ಸೆರಗಿನಲ್ಲಿ ಕಟ್ಟಿ ತಂದದ್ದು ಒಂದೆರಡು ಮನೆಗೆ ಸಾಲುತ್ತದೆ, ಊರಿಗೆ ಸಾಲುವುದಿಲ್ಲ. ಸರದಿ ಮತ್ತೆ ಬರುವುದನ್ನು ಅವಳು ಕಾದಳು.

ಆ ಮಂಗಳವಾರ ಜನ ಊರ ಬಾಗಿಲಿನವರೆಗೆ ಬಂದು ದೂರ ದೂರ ನಿಂತರು. ವರ್ತಕ ಎಲ್ಲರ ಮುಂದೆ ನಿಂತಿದ್ದ. ಅವನ ಮಗನೂ ಕತ್ತಲ ಕೋಣೆಯಲ್ಲಿ ಮಲಗಿದ್ದ; ಊರಿನಲ್ಲಿ ಅತ್ಯಂತ ಬಿಳಿಯ ಗಂಜಿ ಅವನದೇ. ರೈತನ ಹೆಂಡತಿ ಬುಟ್ಟಿ ಹೊತ್ತು ಗಡಿಕಲ್ಲಿನವರೆಗೆ ನಡೆದಳು. ಅಲ್ಲಿ ಕುರಿಗಾಹಿಯ ಮಕ್ಕಳು ಕಾದಿದ್ದರು. ಅವರ ಪಾಲನ್ನು ಅವರಿಗೆ ಕೊಟ್ಟಳು. ಆಮೇಲೆ ಬುಟ್ಟಿಯನ್ನು ಮತ್ತೆ ತಲೆಗೇರಿಸಿ, ಊರಿನ ಕಡೆಗೆ ಮುಖ ಮಾಡಿ ನಡೆದಳು.

ಜನರಲ್ಲಿ ಕೂಗು ಎದ್ದಿತು. ಕೆಲವರು ಮನೆಗೆ ಓಡಿದರು. ವರ್ತಕ ಅಡ್ಡ ಬಂದು ನಿಂತ.

“ಮಾರಿಯನ್ನು ಮರಳಿ ಊರಿಗೆ ಹೊತ್ತು ತಂದೆಯಾ? ನಿನಗೇನು ಹುಚ್ಚೇ?”

“ಮಾರಿಯನ್ನಲ್ಲ ಸ್ವಾಮಿ, ನಮ್ಮ ಊಟವನ್ನು. ಇಷ್ಟು ದಿನ ರೋಗವನ್ನು ಒಳಗಿಟ್ಟುಕೊಂಡು ಊಟವನ್ನು ಹೊರಗೆ ಕಳಿಸಿದೆವು. ಮಲಗಿದವರನ್ನು ಬೇರೆ ಇರಿಸಿದಿರಿ, ಅದು ಸರಿ. ಬೇರೆ ಇರಿಸಿ ಸೊರಗಿಸಿದೆವಲ್ಲ, ಅದು ಸರಿಯೇ?”

“ನಾಳೆ ಊರಿಗೆ ಕೇಡಾದರೆ?”

“ನನ್ನನ್ನು ಗಡಿಯಾಚೆ ಬಿಟ್ಟು ಬನ್ನಿ. ಹಿಂತಿರುಗಿ ನೋಡಬೇಡಿ.”

ಅಷ್ಟರಲ್ಲಿ ಬೀದಿಯ ಕೊನೆಯಿಂದ ಒಬ್ಬ ಹುಡುಗಿ ಬಂದಳು. ಅವಳನ್ನು ಜನ ಚಾಪೆಯ ಮೇಲೆ ನೋಡಿದ್ದರು. ಬದುಕುವುದಿಲ್ಲ ಎಂದು ಪಿಸುಗುಟ್ಟಿದ್ದರು. ಅವಳು ಬಿಸಿಲಿನಲ್ಲಿ, ತನ್ನ ಕಾಲಿನ ಮೇಲೆ, ಯಾರ ಕೈಯನ್ನೂ ಹಿಡಿಯದೆ ನಡೆದು ಬಂದಳು. ತಾಯಿ ಬುಟ್ಟಿ ಇಳಿಸುವಾಗ ಒಂದು ಅಂಚಿಗೆ ಕೈ ಕೊಟ್ಟಳು. ಅವಳ ಹಿಂದೆ ನೇಕಾರನೂ ಬಂದಿದ್ದ. “ನಾನೂ ಸತ್ತವರ ಪಟ್ಟಿಯಲ್ಲಿದ್ದೆ, ನನ್ನನ್ನೂ ಒಮ್ಮೆ ನೋಡಿಬಿಡಿ” ಎಂದ.

ಬುಟ್ಟಿಗೆ ಮೊದಲು ಕೈ ಹಾಕಿದವಳು ವರ್ತಕನ ಹೆಂಡತಿ. ಅವಳು ಗಂಡನ ಮುಖ ನೋಡಲಿಲ್ಲ. ನೆಲ್ಲಿಕಾಯಿ, ಸೊಪ್ಪು, ಎಳ್ಳು ಮಡಿಲಿಗೆ ತುಂಬಿಕೊಂಡು ಮನೆಯ ಕಡೆಗೆ ಓಡಿದಳು. ಆ ಮನೆಯ ಕಿಟಕಿ ತೆರೆದ ಸದ್ದು ಬೀದಿಗೆಲ್ಲ ಕೇಳಿಸಿತು.

ಆಮೇಲೆ ಬೀದಿಯುದ್ದಕ್ಕೂ ಕಿಟಕಿಗಳು ತೆರೆದವು. ಜನ ಗುಂಪು ಕೂಡಲಿಲ್ಲ. ಒಬ್ಬೊಬ್ಬರಾಗಿ ಬಂದು ತಮ್ಮ ಪಾಲು ಒಯ್ದರು. ವ್ರತಕ್ಕೆಂದು ತೆಗೆದ ತೌಡು ದನದ ತೊಟ್ಟಿಯಿಂದ ಅಡುಗೆಮನೆಗೆ ಮರಳಿತು. ಹಿತ್ತಲಿನ ನುಗ್ಗೆಮರಗಳು ಬೋಳಾದವು, ಮತ್ತೆ ಚಿಗುರಿದವು.

ಕೆಲವು ದಿನಗಳ ಮೇಲೆ ವರ್ತಕ ರೈತನ ಮನೆಗೆ ಬಂದ. ಅವನ ಮಗ ಎದ್ದು ಕುಳಿತಿದ್ದ. ವರ್ತಕ ಬಾಗಿಲ ಹೊರಗೇ ನಿಂತು ಕೇಳಿದ: “ಬುಟ್ಟಿಯಲ್ಲಿದ್ದ ಅಷ್ಟೆಲ್ಲದರಲ್ಲಿ ಮದ್ದು ಯಾವುದು ಎಂದು ಹೇಳು. ಅದೊಂದನ್ನೇ ಊರಿಗೆಲ್ಲ ಹಂಚಿಸುತ್ತೇನೆ.”

“ನಾನು ಬುಟ್ಟಿಯನ್ನು ತಂದೆ ಸ್ವಾಮಿ, ಒಂದನ್ನು ಆರಿಸಿ ತರಲಿಲ್ಲ” ಎಂದಳು ರೈತನ ಹೆಂಡತಿ. “ಒಂದನ್ನೇ ಹಿಡಿದು ಕೂತರೆ ಅದೂ ಇನ್ನೊಂದು ಬಿಳಿ ವ್ರತವಾಗುತ್ತದೆ.”

ಮರುವರ್ಷ ಜ್ವರ ಮತ್ತೆ ಬಂತು. ಬುಟ್ಟಿ ಒಳಗಿದೆ ಎಂದು ಅದು ಗಡಿಯಲ್ಲಿ ನಿಲ್ಲಲಿಲ್ಲ. ಮನೆಮನೆಗೂ ಹೊಕ್ಕಿತು. ಒಬ್ಬ ಮುದುಕ ಸತ್ತ, ಒಂದು ಹಸುಗೂಸು ಸತ್ತಿತು. ರೈತನ ಹೆಂಡತಿ ಎರಡು ಮನೆಗೂ ಹೋಗಿ ಅತ್ತಳು. ಆದರೆ ಊರು ಮಲಗಲಿಲ್ಲ. ಬಿದ್ದವರು ಎದ್ದರು, ಎದ್ದವರು ಬಿದ್ದವರಿಗೆ ಬೇಯಿಸಿ ಹಾಕಿದರು. ಮಗ್ಗದ ಸದ್ದು ನಿಲ್ಲಲಿಲ್ಲ. ಆ ವರ್ಷದ ನಾಟಿಗೆ ಹೆಂಗಸರು ಸಾಲಾಗಿ ಗದ್ದೆಗೆ ಇಳಿದು ಹಾಡಿದಾಗ, ಗಡಿಯಾಚೆ ಕುರಿ ಮೇಯಿಸುತ್ತಿದ್ದವರು ಅಲ್ಲಿಂದಲೇ ಪಲ್ಲವಿ ಹಿಡಿದರು. ಸಾಲಿನ ತುದಿಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದವಳು ರೈತನ ಮಗಳು.

ಇನ್ನು ದೇವಿಯ ಮಾತು. ವರ್ತಕನಿಗೆ ವಯಸ್ಸಾಯಿತು. ಒಬ್ಬ ಹೆಂಗಸು ತನ್ನ ವ್ರತವನ್ನು ಮುರಿದಳು ಎಂದು ಮೊಮ್ಮಕ್ಕಳಿಗೆ ಹೇಳಲು ಅವನಿಗೆ ನಾಲಿಗೆ ಬರಲಿಲ್ಲ. ದೇವಿ ತಾನೇ ಬುಟ್ಟಿ ಹೊತ್ತು ಮರಳಿದಳು ಎಂದ. ಕೇಳಲು ಅದು ಚೆನ್ನಾಗಿತ್ತು. ಊರಿಗೂ ಹಿಡಿಸಿತು, ಸುತ್ತಲಿನ ಊರುಗಳಿಗೂ ಹಬ್ಬಿತು. ದೇವಿಯೇ ಬಂದಿದ್ದಳು ಎಂದಾದರೆ ನಾವು ಕಾದರೆ ಸಾಕು; ನೆರೆಮನೆಯ ಹೆಂಗಸು ಬಂದಿದ್ದಳು ಎಂದಾದರೆ ನಾವೂ ಏಳಬೇಕಾಗುತ್ತದೆ. ಮುಪ್ಪಿನಲ್ಲಿ ಆ ಕತೆ ರೈತನ ಹೆಂಡತಿಯ ಕಿವಿಗೂ ಬಿತ್ತು. ಅವಳು ಬಾಯಿ ತುಂಬ ನಕ್ಕಳಂತೆ. “ದೇವಿಯ ಕುತ್ತಿಗೆಯೂ ನನ್ನಂತೆಯೇ ವಾರವೆಲ್ಲ ನೋಯಿತೋ ಏನೋ, ಯಾರಾದರೂ ಕೇಳಿ ಬನ್ನಿ” ಎಂದಳಂತೆ.

ಗುರುಗಳು ಕತೆ ನಿಲ್ಲಿಸಿದರು. ಹಿಂದಿನ ಕೋಣೆಯಲ್ಲಿ ಯಾರೋ ಕೆಮ್ಮಿದರು. ಅಂಗಳದ ಬುಟ್ಟಿಯ ನೆರಳು ಉದ್ದವಾಗಿತ್ತು. ಅಡವಯ್ಯ ಎದ್ದು, ಬುಟ್ಟಿಯ ಅಡಿಗೆ ತಲೆಯ ಮೇಲಿಡುವ ಸಿಂಬೆಯನ್ನು ಕೈಗೆ ತೆಗೆದುಕೊಂಡ. ಆದರೂ ಅವನ ಮನಸ್ಸು ತಡೆಯಲಿಲ್ಲ.

“ಗುರುಗಳೇ, ಅಂದು ಆ ಹೆಂಗಸಿನ ಮೈಮೇಲೆ ದೇವಿ ಬಂದಿರಬಹುದಲ್ಲವೇ?”

ಗುರುಗಳು ಹೇಳಿದರು: “ಅಂದು ಹೊತ್ತವಳು ಯಾರೆಂಬುದು ಇರಲಿ ಅಡವಯ್ಯ, ಇಂದು ಹೊರುವವನು ಯಾವ ಕಡೆಗೆ ನಡೆಯುತ್ತಾನೆ?”