ಮೊಳೆಗೆ ತೂಗುಹಾಕಿದ ಹಾಸಿಗೆ

ಮಲಪ್ರಭೆಯ ದಂಡೆಯ ಮೇಲೆ ಒಂದು ಮಠ. ಮಠದ ಹಿಂದೆ ಒಂದು ಪ್ರಯೋಗಶಾಲೆ. ಅಲ್ಲಿ ನೀಲಾಂಬಿಕಾ ಅಕ್ಕೋರು ಇದ್ದರು. ಹೃದಯ ಹೇಗೆ ನಡೆಯುತ್ತದೆ ಎಂದು ಕಲಿಯಬೇಕೆನ್ನುವವರು ಅವರ ಹತ್ತಿರ ಬರುತ್ತಿದ್ದರು.

ಅಲ್ಲೊಂದು ಎಕ್ಸ್‌-ರೇ ಯಂತ್ರವಿತ್ತು. ಆಸ್ಪತ್ರೆಯಲ್ಲಿ ಮೂಳೆ ತೋರಿಸುತ್ತದಲ್ಲ, ಅಂಥದ್ದಲ್ಲ. ಇಲಿಯೊಂದಕ್ಕೆ ನಿದ್ದೆಯ ಮದ್ದು ಕೊಟ್ಟು ಮಲಗಿಸಿ, ಅದರ ರಕ್ತದೊಳಗೆ ಎಕ್ಸ್‌-ರೇಗೆ ಕಾಣುವ ಬಣ್ಣ ಬಿಟ್ಟರೆ, ಕಣ್ಣು ಮಿಟುಕಿಸುವಷ್ಟರಲ್ಲಿ ನೂರಾರು ಚಿತ್ರ ತೆಗೆಯುತ್ತಿತ್ತು. ಆಮೇಲೆ ಆ ಚಿತ್ರಗಳನ್ನು ಓಡಿಸಿ ನೋಡಿದರೆ ಪರದೆಯ ಮೇಲೆ ಹೃದಯ ಬಡಿಯುವುದು ಕಾಣುತ್ತಿತ್ತು.

ಅಕ್ಕೋರದು ಒಂದೇ ಕಟ್ಟಳೆ. ಇಲಿಯನ್ನು ಮಲಗಿಸಿದವರು, ಅದು ಎದ್ದು ಮೊದಲ ತುತ್ತು ತಿನ್ನುವ ತನಕ ಅದರ ಪಕ್ಕದಲ್ಲೇ ಕೂರಬೇಕು. ಅಲ್ಲಿಯವರೆಗೆ ಚಿತ್ರದ ಕಡೆ ತಿರುಗಿಯೂ ನೋಡಬಾರದು.

ಹೊಸಬರು ಇದನ್ನು ಕೇಳಿ ಮುಸಿಮುಸಿ ನಗುತ್ತಿದ್ದರು. ನಗುವುದಕ್ಕೇನು, ಮೇಜಿನ ಮೇಲೆ ಮಲಗುವವರು ಅವರಲ್ಲವಲ್ಲ.

ಚನ್ನವೀರನೂ ಮೊದಮೊದಲು ನಕ್ಕಿದ್ದ, ಆಮೇಲೆ ಕೂರುವುದನ್ನು ಕಲಿತಿದ್ದ. ಅವನ ಕೈ ಚುರುಕು, ತಲೆ ಅದಕ್ಕಿಂತ ಚುರುಕು. ರೋಗ ಹತ್ತಿದ ಹೃದಯ ಸಿಕ್ಕಾಪಟ್ಟೆ ಓಡುತ್ತದೆ. ಆ ಓಟವನ್ನು ತಗ್ಗಿಸುವ ಔಷಧವೊಂದು ತನಗೆ ಸಿಕ್ಕಿದೆ ಎಂದು ಅವನು ನಂಬಿದ್ದ. ಒಂದು ಸ್ವಚ್ಛ ಚಿತ್ರದಲ್ಲಿ ಅದನ್ನು ತೋರಿಸಿದರೆ ಸಾಕಿತ್ತು. ಮರುದಿನ ಮಠದ ಸ್ವಾಮಿಗಳಾದ ಅಜ್ಜನವರು ದೊಡ್ಡ ದೊಡ್ಡ ಡಾಕ್ಟರುಗಳನ್ನು ಕರೆದುಕೊಂಡು ಬರುವವರಿದ್ದರು.

ಆ ಮಧ್ಯಾಹ್ನ ಅಕ್ಕೋರು ಹೊಳೆಯ ಕಡೆಯ ಕಟ್ಟೆಯ ಮೇಲೆ ಕೂತು ಇಲಿಗಳಿಗೆಂದು ಶೇಂಗಾ ಸುಲಿಯುತ್ತಿದ್ದರು. ಚನ್ನವೀರ ಓಡುತ್ತಾ ಬಂದ.

"ಅಕ್ಕೋರ, ಬರ್ರಿ. ಎಂಥಾ ಚಿತ್ರ ಬಂದೈತಿ ನೋಡ್ರಿ! ಒಂದೂ ಗೆರಿ ಇಲ್ಲ, ಎಲ್ಲೂ ಮಬ್ಬಿಲ್ಲ."

ಅಕ್ಕೋರು ಕೈಯಲ್ಲಿ ಶೇಂಗಾ ಹಿಡಿದುಕೊಂಡೇ ಎದ್ದು ಹೋದರು.

ನಿಜಕ್ಕೂ ಚೆಂದದ ಚಿತ್ರ. ಶೇಂಗಾ ಕಾಳಿನಷ್ಟಿದ್ದ ಹೃದಯ ಪರದೆಯ ತುಂಬಾ ಹರಡಿತ್ತು. ಸಣ್ಣ ಸಣ್ಣ ನಾಳಗಳು ಗರಿಕೆಯ ಬೇರಿನಂತೆ ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತಿದ್ದವು.

"ಹ್ಯಾಂಗೈತಿ?" ಎಂದರು ಅಕ್ಕೋರು.

"ಶಾಂತ ಐತ್ರಿ. ನಿಧಾನಕ ತುಂಬತೈತಿ, ನಿಧಾನಕ ಹಿಂಡತೈತಿ. ಔಷಧ ಕೊಡೂಕಿಂತ ಮೊದಲ ಹುಚ್ಚು ಹಿಡದಂಗ ಓಡತಿತ್ತು. ನನ್ನ ಔಷಧ ಹತ್ತೈತ್ರಿ ಅಕ್ಕೋರ."

"ಈಗ ಹ್ಯಾಂಗೈತಿ?"

ಅವರಿಗೆ ಸರಿಯಾಗಿ ಕಾಣಲಿಲ್ಲವೇನೋ ಎಂದು ಚನ್ನವೀರ ಪರದೆಯ ಮೇಲೆ ಬೆರಳಿಟ್ಟು ತೋರಿಸತೊಡಗಿದ.

"ನಾ ಪರದೇದ್ದು ಕೇಳಲಿಲ್ಲ ತಮ್ಮಾ. ಈಗ, ಈ ಘಳಿಗ್ಯಾಗ, ಆ ಹೃದಯ ಹ್ಯಾಂಗೈತಿ?"

ಅವನ ಬೆರಳು ಅಲ್ಲೇ ನಿಂತಿತು.

"ಇಲಿ ಎಲ್ಲೈತಿ?"

"ಒಳಗ, ಮೇಜಿನ ಮ್ಯಾಲ್ರಿ."

"ಎದ್ದೈತೇನು?"

"ನೋಡಿಲ್ರಿ."

ಹೃದಯದ ಒಂದೊಂದು ನಾಳವನ್ನೂ ಬಲ್ಲವನಿಗೆ, ಆ ಹೃದಯ ಇಟ್ಟುಕೊಂಡ ಜೀವ ಇದೆಯೋ ಹೋಗಿದೆಯೋ ಗೊತ್ತಿರಲಿಲ್ಲ. ಇದಕ್ಕೆ ವಿದ್ಯೆ ಅನ್ನಬೇಕಂತೆ.

ಅಕ್ಕೋರ ಕೈಯ ಶೇಂಗಾ ನೆಲದ ತುಂಬಾ ಚೆಲ್ಲಿ, ಒಳಕೋಣೆಯವರೆಗೂ ಉರುಳಿತು. ಅದನ್ನು ತುಳಿದುಕೊಂಡೇ ಅವರು ಒಳಗೆ ಹೋದರು.

ಇಲಿ ಬರಿ ಮೇಜಿನ ಮೇಲೆ ಬಿದ್ದಿತ್ತು. ಉಸಿರು ಇದ್ದೂ ಇಲ್ಲದಂತಿತ್ತು. ಮುಟ್ಟಿದರೆ ತಣ್ಣಗೆ ಕೊರೆಯುತ್ತಿತ್ತು. ನಿದ್ದೆಯ ಮದ್ದು ತಗೊಂಡ ಇಲಿಗೆ ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳಲು ಬರುವುದಿಲ್ಲ. ಅದಕ್ಕೆಂದೇ ಕರೆಂಟಿನಿಂದ ಬೆಚ್ಚಗಾಗುವ ಪುಟ್ಟ ಹಾಸಿಗೆಯೊಂದು ಅಲ್ಲಿ ಇರುತ್ತಿತ್ತು.

ಆ ಹಾಸಿಗೆ ಗೋಡೆಯ ಮೊಳೆಗೆ ತೂಗುತ್ತಿತ್ತು.

"ಇದು ಅಲ್ಲಿ ಯಾಕೈತಿ?"

"ಅದರೊಳಗಿನ ತಂತಿ ಚಿತ್ರದಾಗ ಗೆರಿ ಮೂಡಸ್ತಾವ್ರಿ. ಅದಕ್ಕ ತಗದೆ."

"ಚಿತ್ರಕ್ಕ ಅಡ್ಡ ಬಂತು, ತಗದಿ. ನಾಳೆ ಇಲಿನೂ ಅಡ್ಡ ಬಂದ್ರ ಅದನ್ನೂ ಮೊಳೀಗೆ ತೂಗ್ ಹಾಕ್ತಿಯೇನು?"



ಅಕ್ಕೋರು ಹಾಸಿಗೆಯನ್ನು ಕಿತ್ತು ಕೆಳಗೆ ಹಾಸಿದರು, ಸ್ವಿಚ್ ಒತ್ತಿದರು. ಇಲಿಯನ್ನು ಎತ್ತಿ ಅವನ ಬೊಗಸೆಯಲ್ಲಿ ಇಟ್ಟರು.

"ಕೂಡು. ಹಾಸಿಗಿ ಮ್ಯಾಲ ಕೈ ಇಡು, ಕೈಯಾಗ ಇದನ್ನ ಹಿಡಿ."

ಅವನು ಕೂತ. ಅಕ್ಕೋರು ಎದುರಿಗೆ ನಿಂತರು. ಕೂರಲಿಲ್ಲ.

"ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಅಂತಾರ. ಪಾಪ, ಬೆಕ್ಕಿಗರೆ ಹಸಿವಿರತೈತಿ. ನಿನಗೇನಿತ್ತು?"

ಚನ್ನವೀರನಿಗೂ ಸಿಟ್ಟು ಬಂತು. ತಪ್ಪು ಮಾಡಿದವನ ಸಿಟ್ಟು ಯಾವತ್ತೂ ಒಂದು ಕೈ ಮೇಲೆ.

"ನಾ ಆಟಕ್ಕ ಮಾಡಿಲ್ರಿ ಅಕ್ಕೋರ. ಎಷ್ಟು ಮಂದಿ ಎದಿ ಹಿಡಕೊಂಡು ಸಾಯ್ತಾರ, ಅವರ ಸಲುವಾಗಿ ಮಾಡೇನಿ. ಒಂದ್ ಇಲಿ ಸಲುವಾಗಿ ಇಷ್ಟ್ ಬೈತೀರಿ. ನೀವೂ ಇಲಿ ಮಲಗಿಸಿಲ್ಲೇನು?"

"ಮಲಗಿಸೇನಿ."

"ಮತ್ತ?"

"ಅದಕ್ಕ ಕೂಡ್ತೀನಿ."

ಚನ್ನವೀರ ಇಲಿಯ ಕಡೆ ತಿರುಗಿದ.

ಕೈಯೊಳಗಿನ ಇಲಿ ಒದ್ದೆ ಬಟ್ಟೆಯ ಉಂಡೆಯ ಹಾಗಿತ್ತು. ಬೆರಳ ತುದಿಗೆ ಅದರ ಎದೆ ತಾಗುತ್ತಿತ್ತು. ನಿಧಾನಕ್ಕೆ ಬಡಿಯುತ್ತಿತ್ತು, ಪರದೆಯ ಮೇಲೆ ಬಡಿದ ಹಾಗೆಯೇ. ಔಷಧ ಹತ್ತಿದೆ ಎಂದು ಚನ್ನವೀರ ಮತ್ತೊಮ್ಮೆ ಮನಸ್ಸಿನಲ್ಲೇ ಅಂದುಕೊಂಡ.

ಕಟ್ಟೆಯ ಮೇಲಿನ ಬಿಸಿಲು ಹೊಳೆಯ ಕಡೆ ಇಳಿಯಿತು. ಇಲಿಯ ಮೈಗೆ ಚೂರು ಚೂರೇ ಕಾವು ಬಂತು.

ಕಾವು ಬಂದ ಹಾಗೆ ಎದೆಯ ಬಡಿತ ಬದಲಾಯಿತು. ಮೊದಲು ಸ್ವಲ್ಪ ಜೋರು. ಆಮೇಲೆ ಇನ್ನೂ ಜೋರು. ಈಗ ಎಣಿಸುತ್ತೇನೆಂದರೂ ಎಣಿಸಲು ಬರುತ್ತಿರಲಿಲ್ಲ. ಮುಂಜಾನೆ ಔಷಧ ಕೊಡುವ ಮೊದಲು ಓಡುತ್ತಿದ್ದ ಹಾಗೆಯೇ ಹುಚ್ಚು ಹಿಡಿದಂತೆ ಓಡುತ್ತಿತ್ತು.

ಚನ್ನವೀರನ ಮುಖ ಬಿಳಿಚಿತು.

"ಏನಾತು?" ಎಂದರು ಅಕ್ಕೋರು.

"ಓಡಾಕತ್ತೈತ್ರಿ."

"ನಿನ್ನ ಔಷಧ ಎಲ್ಲಿ ಹೋತು?"

 ಹೃದಯವನ್ನು ತಗ್ಗಿಸಿದ್ದು ಅವನ ಔಷಧವಲ್ಲ, ಬರಿ ಮೇಜಿನ ಥಂಡಿ. ಆ ಥಂಡಿ ಅವನೇ ಕೊಟ್ಟದ್ದು. ಇಲಿ ಬೆಚ್ಚಗಾದಷ್ಟೂ ಅವನ ಚಿತ್ರ ಸುಳ್ಳಾಗುತ್ತಿತ್ತು, ಅದೂ ಅವನ ಕೈಯೊಳಗೇ.

ಅವನ ಬೆರಳುಗಳು ಸಡಿಲವಾದವು. ತುಸುವೇ.

ಅಕ್ಕೋರ ಕಣ್ಣಿಗೆ ಅದು ಬೀಳದೆ ಇರಲಿಲ್ಲ.

"ಹಾಂ, ಬಿಡು. ಮತ್ತ ಮೇಜಿನ ಮ್ಯಾಲ ಇಟ್ಟುಬಿಡು. ಥಣ್ಣಗ ಹೋಗಿಬಿಡತೈತಿ, ಸಾಕ್ಷಿ ಹೇಳಾಕ ಬರೂದಿಲ್ಲ. ನಾಳೆ ಅಜ್ಜಾರು ಬಂದು ಚಪ್ಪಾಳಿ ಹೊಡೀತಾರ. ಆಮ್ಯಾಲ ಎದಿ ಹಿಡಕೊಂಡು ಬಂದ ಮಂದಿಗೆ ನಿನ್ನ ಔಷಧ ಕುಡಸೋಣಂತ. ಅವರನ್ನೂ ಥಂಡಿ ಕಲ್ಲಿನ ಮ್ಯಾಲ ಮಲಗಿಸೋಣಂತ. ಮಂದಿ ಸಲುವಾಗಿ ಅಂದಿ ಅಲ್ಲ?"

ಚನ್ನವೀರನ ಕಣ್ಣು ತುಂಬಿ ಬಂತು. ನಾಚಿಕೆಯಿಂದಲೋ ಸಿಟ್ಟಿನಿಂದಲೋ ಅವನಿಗೂ ಗೊತ್ತಿರಲಿಲ್ಲ. ಎರಡೂ ಕೈ ಮುಚ್ಚಿ ಇಲಿಯನ್ನು ಎದೆಗೆ ಒತ್ತಿಕೊಂಡ. ತನ್ನ ಉಸಿರನ್ನೇ ಬೊಗಸೆಯೊಳಗೆ ಊದಿದ. ಬೆಚ್ಚಗಾಗಲಿ ಎಂದು ಊದಿದ, ಓಡಲಿ ಎಂದು ಊದಿದ.

ಇಲಿಯ ಮೀಸೆ ಅಲುಗಿತು. ಒಂದು ಕಾಲು ಅವನ ಅಂಗೈಯನ್ನು ಕೆರೆಯಿತು.

ಅಕ್ಕೋರು ನೆಲದ ಮೇಲೆ ಬಿದ್ದಿದ್ದ ಒಂದು ಶೇಂಗಾ ಕಾಳನ್ನು ಆರಿಸಿ, ಸೆರಗಿಗೆ ಒರೆಸಿ, ಅವನ ಕೈಗೆ ಕೊಟ್ಟರು. ಅವನು ಅದನ್ನು ಇಲಿಯ ಬಾಯಿಯ ಹತ್ತಿರ ಹಿಡಿದ.

ಇಲಿ ಕಾಳು ಬಿಟ್ಟು ಬೆರಳನ್ನು ಕಚ್ಚಿತು. ಬಲವಾಗಿಯೇ ಕಚ್ಚಿತು.

"ಅಯ್ಯೋ!" ಎಂದ ಚನ್ನವೀರ. ಆದರೆ ಕೈ ಬಿಡಲಿಲ್ಲ.

ಅಕ್ಕೋರು ಆಗ ಕೂತರು. ಅವನ ಪಕ್ಕದಲ್ಲೇ, ನೆಲದ ಮೇಲೆ. ಇಲಿ ಆಮೇಲೆ ಕಾಳನ್ನೂ ತಿಂದಿತು. ಮುಂಗಾಲಲ್ಲಿ ಹಿಡಿದುಕೊಂಡು, ಯಾರ ಹಂಗೂ ಇಲ್ಲದಂತೆ, ಪೂರ್ತಿ ತಿಂದಿತು. ಇಬ್ಬರೂ ನೋಡುತ್ತಾ ಕೂತರು.

ಆಚೆ ಕೋಣೆಯಲ್ಲಿ ಪರದೆ ಇನ್ನೂ ಬೆಳಗುತ್ತಿತ್ತು. ಆ ಶಾಂತ ಹೃದಯ ಯಾರಿಗೂ ಬೇಡವಾಗಿ ಬಡಿಯುತ್ತಲೇ ಇತ್ತು. ಚನ್ನವೀರ ಇಲಿಯನ್ನು ಅದರ ಗೂಡಿಗೆ ಬಿಟ್ಟು, ಹೋಗಿ ಪರದೆಯನ್ನು ಆರಿಸಿದ. ತಿರುಗಿ ಬಂದು, ಬೆರಳಿನ ರಕ್ತವನ್ನು ಅಂಗಿಗೆ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತ.

"ಅಕ್ಕೋರ, ನಾಳೆ ಅಜ್ಜಾರು ಬರ್ತಾರ. ಎಲ್ಲಾರೂ ಚಿತ್ರ ನೋಡಾಕ ಬರ್ತಾರ. ಏನು ತೋರಸ್ಲಿ?"

ಅಕ್ಕೋರು ನೆಲದ ಮೇಲಿನ ಶೇಂಗಾ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಬೆರಳಿನ ಮ್ಯಾಲ ಹಲ್ಲು ಮೂಡ್ಯಾವಲ್ಲ, ಅದನ್ನ ತೋರಸು. ಇವತ್ತ ಈ ಮನ್ಯಾಗ ಸುಳ್ಳಿಲ್ದ ಮೂಡಿದ ಚಿತ್ರ ಅದೊಂದ."