ಕುಂಬಾರನ ಕೆನ್ನೆ

“ಬುದ್ಧೀ, ಮಗು ತಯಾರಾಗಿದೆ ಅನ್ನುವುದನ್ನು ಹೆತ್ತವನು ಹೇಗೆ ತಿಳಿಯಬೇಕು?”

ಕೇಳಿದವನು ಗುರುಮಲ್ಲ. ಊರಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡ ಸಂಸಾರಿ. ವಾರಕ್ಕೊಮ್ಮೆ ಮಠಕ್ಕೆ ಬಂದು ಗುರುಗಳ ಎದುರು ಕೂತು ಹೋಗದಿದ್ದರೆ ಅವನಿಗೆ ಸಮಾಧಾನವಿಲ್ಲ.

“ಯಾವುದಕ್ಕೆ ತಯಾರಾಗಬೇಕಪ್ಪ?” ಅಂದರು ಗುರುಗಳು.

“ಪೇಟೆಯ ಆಚೆ ಆಟದ ಪಾರ್ಕು ಆಗಿದೆಯಲ್ಲ ಬುದ್ಧಿ. ಅಲ್ಲಿ ರೋಲರ್ ಕೋಸ್ಟರ್ ಅಂತ ಒಂದು ಗಾಡಿ. ಹಳಿ ಹಿಡಿದು ಆಕಾಶಕ್ಕೆ ಏರುತ್ತದೆ, ಅಲ್ಲಿಂದ ಬಿದ್ದೇ ಹೋಯಿತು ಅನ್ನುವ ಹಾಗೆ ಧುಮುಕುತ್ತದೆ. ಭಾನುವಾರ ಮಗನನ್ನು ಕರೆದುಕೊಂಡು ಹೋಗುವವನಿದ್ದೇನೆ. ಇನ್ನೂ ಒಂದನೇ ಕ್ಲಾಸು. ಇಷ್ಟೆತ್ತರ ಇರಬೇಕು ಅಂತ ಗೇಟಿನಲ್ಲಿ ಗೆರೆ ಎಳೆದಿದ್ದಾರಂತೆ, ಅಷ್ಟು ಇದ್ದಾನೆ. ಹತ್ತುತ್ತೀಯಾ ಅಂದರೆ ಹೂಂ ಅನ್ನುತ್ತಾನೆ. ಆದರೂ ನನಗೆ ಯಾಕೋ ಎದೆ ಹೊಡೆದುಕೊಳ್ಳುತ್ತಿದೆ. ಹತ್ತಿಸಲೋ ಬೇಡವೋ, ನೀವೇ ಹೇಳಿ.”

ಗುರುಗಳು ಹತ್ತಿಸು ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಒಬ್ಬ ಕುಂಬಾರನಿದ್ದ. ಮಡಕೆ ಸುಡುವ ಅವನ ಆವಿಗೆಯಲ್ಲಿ ಒಂದೂ ಒಡೆಯುವುದಿಲ್ಲ ಅಂತ ಸುತ್ತಿನ ಊರುಗಳಲ್ಲಿ ಹೆಸರು. ಬೇರೆ ಕುಂಬಾರರು ಆವಿಗೆ ತೆಗೆಯುವ ದಿನ ದೇವರಿಗೆ ಕಾಯಿ ಒಡೆಸಿ ಬಂದು ಕೂರುತ್ತಿದ್ದರು. ಇವನು ಬೀಡಿ ಹಚ್ಚಿಕೊಂಡು ನಿರಾಳವಾಗಿ ಕೂರುತ್ತಿದ್ದ.

ಅವನ ಗುಟ್ಟು ಇಷ್ಟೇ. ತಿಗರಿಯಿಂದ ಇಳಿಸಿದ ಹಸಿ ಮಡಕೆಯನ್ನು ನೆರಳಲ್ಲಿ ಒಣಗಿಸುತ್ತಾರೆ. ಮೇಲಿಂದ ನೋಡಿದರೆ ಒಣಗಿದ ಹಾಗೇ ಇರುತ್ತದೆ. ಬಣ್ಣವೂ ಬಿಳಿಚಿರುತ್ತದೆ. ಒಳಗೆ ನೀರು ಉಳಿದಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ. ಕುಂಬಾರ ಮಡಕೆ ಎತ್ತಿ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದ. ತಣ್ಣಗಿದ್ದರೆ ಒಳಗೆ ನೀರಿದೆ, ಬೆಂಕಿಗೆ ಇಟ್ಟರೆ ಒಡೆಯುತ್ತದೆ, ಇನ್ನೂ ಕಾಯಬೇಕು. ಬೆಚ್ಚಗಿದ್ದರೆ ಬೆಂಕಿಗೆ ತಯಾರು. ಆಗ “ಆಗಿದೆ” ಅನ್ನುತ್ತಿದ್ದ. ಅವನು ಆಗಿದೆ ಅಂದದ್ದು ಒಡೆದ ಉದಾಹರಣೆ ಇರಲಿಲ್ಲ. ಕಣ್ಣು ಮೋಸ ಹೋಗಬಹುದು, ನನ್ನ ಕೆನ್ನೆ ಹೋಗುವುದಿಲ್ಲ ಅನ್ನುವುದು ಅವನ ಬಾಯಲ್ಲಿ ಸದಾ ಇರುವ ಮಾತು.

ಅವನಿಗೆ ಒಬ್ಬಳೇ ಮಗಳು. ನಿನ್ನ ಮಗನಷ್ಟೇ ಪ್ರಾಯ. ಮಾತು ಕಡಿಮೆ. ಅಪ್ಪ ತಿಗರಿ ತಿರುಗಿಸುವಾಗ ಎದುರು ಕೂತು ಅವನ ಮುಖವನ್ನೇ ನೋಡುತ್ತಿರುವ ಮಗು.

ಬೇಸಿಗೆ ರಜೆಯಲ್ಲಿ ಕುಂಬಾರನ ಹೆಂಡತಿಯ ತಮ್ಮ ಹೆಂಡತಿ ಮಕ್ಕಳ ಸಮೇತ ಬಂದ. ಅವನು ಪೇಟೆಯವನು, ಬಾಯಿ ಜೋರು. ಎರಡು ಮನೆಯವರೂ ಸೇರಿ ಆಟದ ಪಾರ್ಕಿಗೆ ಹೊರಟರು. ಬಸ್ಸು ಹತ್ತಿದ್ದೇ ತಡ, ಬಾಮೈದ ಶುರುಮಾಡಿದ.

“ಭಾವ, ನನ್ನ ಮಗ ಹೋದ ವರ್ಷವೇ ಆ ಗಾಡಿ ಹತ್ತಿ ಇಳಿದ. ಇಳಿದವನು ಇನ್ನೊಂದು ಸಲ ಅಂತ ಗಲಾಟೆ. ನಿಮ್ಮ ಮಗಳ ಕೈಲಿ ಆಗುತ್ತಾ?”

“ಯಾಕೋ ಆಗಲ್ಲ?”

“ಅಲ್ಲ, ಹಸಿ ಮಡಕೆ ತರ ಇದ್ದಾಳೆ. ಮುಟ್ಟಿದರೆ ಸೊಟ್ಟಗಾಗುತ್ತಾಳೇನೋ ಅನ್ನಿಸ್ತು.”

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಗೊತ್ತಿದ್ದವರೂ ನಕ್ಕರು, ಗೊತ್ತಿಲ್ಲದವರೂ ನಕ್ಕರು. ಕುಂಬಾರನಿಗೆ ಚುರುಕ್ ಅಂತು. ಬೇರೆ ಯಾವ ಮಾತು ಆಡಿದ್ದರೂ ಸಹಿಸುತ್ತಿದ್ದನೇನೋ. ಹಸಿ ಮಡಕೆ ಅಂದನಲ್ಲ.

“ನನ್ನ ಮಗಳು ಮುಂದಿನ ಸೀಟಿನಲ್ಲೇ ಕೂರುತ್ತಾಳೆ. ಕಣ್ಣು ಬಿಟ್ಟುಕೊಂಡು ನೋಡ್ತಿರು” ಅಂದ. ಎಲ್ಲರಿಗೂ ಕೇಳುವ ಹಾಗೆ ಅಂದ.

ಮಗಳು ಕಿಟಕಿಯ ಪಕ್ಕ ಕೂತಿದ್ದಳು. ಅವಳಿಗೂ ಕೇಳಿಸಿತು.

ಪಾರ್ಕಿನ ಒಳಗೆ ಕಾಲಿಡುವ ಮೊದಲೇ ಕೂಗು ಕೇಳುತ್ತಿತ್ತು. ಎತ್ತರದ ಕಂಬಗಳ ಮೇಲೆ ಹಳಿ. ಹಳಿಯ ಮೇಲೆ ಗಾಡಿ. ಅದು ಬೀಳುವಾಗಲೆಲ್ಲ ಕೂತವರು ಕಿರುಚುತ್ತಿದ್ದರು, ನೆಲದಲ್ಲಿ ನಿಂತವರು ನಗುತ್ತಿದ್ದರು. ಪ್ರತಿ ಕಿರುಚಾಟಕ್ಕೂ ಮಗಳು ಅಪ್ಪನ ಅಂಗಿಯ ಚುಂಗನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಕುಂಬಾರನಿಗೆ ಅದು ಗೊತ್ತಾಗಲಿಲ್ಲ ಅನ್ನುವ ಹಾಗಿಲ್ಲ. ಗೊತ್ತಾಯಿತು. ಗಾಡಿ ಹತ್ತಲು ಅವಸರ ಮಾಡುತ್ತಿದ್ದಾಳೆ ಅಂದುಕೊಂಡ.

ಮಧ್ಯಾಹ್ನ ಬುತ್ತಿ ಬಿಚ್ಚಿದರು. ಚಿತ್ರಾನ್ನ ಅಂದರೆ ಬಿಡದ ಮಗು, ಕೈ ಹಾಕಲಿಲ್ಲ.

ಹೆಂಡತಿ ಗಂಡನ ಕಿವಿಯ ಹತ್ತಿರ ಬಂದಳು. “ಬೇಡ ಕಣ್ರೀ. ಮಗು ಬೆಳಗ್ಗೆಯಿಂದ ಏನೂ ತಿಂದಿಲ್ಲ.”

“ಖುಷಿಗೆ ಹಸಿವು ಆಗಲ್ಲ. ನೀನು ಸುಮ್ಮನಿರು, ನಿನ್ನ ತಮ್ಮನ ಮುಂದೆ ರಾಗ ತೆಗೀಬೇಡ” ಅಂದ.

ಆದರೂ ಅವನಿಗೆ ಅನುಮಾನ ಹತ್ತಿತು. ಸಾಲಿನಲ್ಲಿ ನಿಂತಾಗ ಅದು ಹೆಚ್ಚಾಯಿತು. ಸಾಲು ಮುಂದೆ ಸರಿದ ಹಾಗೆಲ್ಲ ಹೆಚ್ಚಾಯಿತು. ಬಿಟ್ಟು ಹೊರಟುಬಿಡೋಣವೇ ಅಂತ ಹಿಂದೆ ತಿರುಗಿದರೆ ಬಾಮೈದ ನಿಂತಿದ್ದ, ಹಲ್ಲು ಕಿರಿಯುತ್ತ.

ಗೇಟಿನಲ್ಲಿ ಒಂದು ಹಲಗೆ. ಹಲಗೆಯ ಮೇಲೆ ಕೆಂಪು ಗೆರೆ. ಅಲ್ಲಿದ್ದ ಕೆಲಸದವನು ಮಗುವನ್ನು ಹಲಗೆಗೆ ಒರಗಿಸಿ ನಿಲ್ಲಿಸಿದ. ನೆತ್ತಿ ಗೆರೆ ಮುಟ್ಟಿತು.

“ಎತ್ತರ ಸರಿಯಿದೆ. ದೊಡ್ಡವರು ಪಕ್ಕದಲ್ಲಿ ಕೂರಬೇಕು. ಹೆದರುವ ಮಗುವಾದರೆ ನೀವೇ ನೋಡಿಕೊಳ್ಳಿ ಯಜಮಾನ್ರೆ, ಅದು ನಮಗೆ ಗೊತ್ತಾಗಲ್ಲ” ಅಂದ.

ಆಗ ಕುಂಬಾರ ತನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಮಾಡಿದ. ಮಂಡಿಯೂರಿ ಕೂತು ಮಗಳ ಕೆನ್ನೆಗೆ ತನ್ನ ಕೆನ್ನೆಯನ್ನು ಒತ್ತಿದ. ಬೆಚ್ಚಗಿತ್ತು. ಬೆಚ್ಚಗೇನು, ಸುಡುತ್ತಿತ್ತು. ಅವನ ಅನುಮಾನ ಕಳೆಯಿತು.

“ಆಗಿದೆ” ಅಂದ.

ಮಡಕೆ ಒಣಗಿದರೆ ಬೆಚ್ಚಗಾಗುತ್ತದೆ ಗುರುಮಲ್ಲ. ಮಗು ಹೆದರಿದರೂ ಬೆಚ್ಚಗಾಗುತ್ತದೆ. ಜನ್ಮವಿಡೀ ಮಡಕೆಯನ್ನೇ ಮುಟ್ಟಿದವನಿಗೆ ಅದು ಹೊಳೆಯಲಿಲ್ಲ. ಮಡಕೆಗೆ ಬಾಯಿಲ್ಲ, ಅದಕ್ಕೆ ಕೆನ್ನೆ ಒತ್ತಿ ಕೇಳಬೇಕು. ಮಗಳಿಗೆ ಬಾಯಿತ್ತು.

ಇಬ್ಬರೂ ಮುಂದಿನ ಸೀಟಿನಲ್ಲಿ ಕೂತರು. ಬಾಮೈದ ತನ್ನ ಮಗನ ಜೊತೆ ಹಿಂದಿನ ಸೀಟಿನಲ್ಲಿ ಕೂತ. ಇಬ್ಬಿಬ್ಬರಿಗೂ ಸೇರಿ ಒಂದೊಂದು ಕಬ್ಬಿಣದ ಸರಳು. ಕೆಲಸದವನು ಅದನ್ನು ತೊಡೆಗಳ ಮೇಲೆ ಒತ್ತಿದ. ಸರಳು ಕುಂಬಾರನ ತೊಡೆಗೆ ತಾಗಿ ನಿಂತಿತು. ಕುಂಬಾರ ದಪ್ಪ ಆಳು. ಮಗಳ ತೊಡೆಗೂ ಸರಳಿಗೂ ನಡುವೆ ಒಂದು ಚೊಂಬು ಇಡುವಷ್ಟು ಜಾಗ ಉಳಿಯಿತು. ಕೆಲಸದವನು ಸರಳನ್ನು ಒಮ್ಮೆ ಜಗ್ಗಿ ನೋಡಿದ. ಅಲುಗಲಿಲ್ಲ. ಹಿಂದಿನ ಸೀಟಿಗೆ ಹೋದ.

ಕುಂಬಾರ ಆ ಜಾಗವನ್ನು ನೋಡಿದ. ಬಾಯಿ ತೆರೆದ.

ಹಿಂದಿನಿಂದ ಬಾಮೈದ ಬಗ್ಗಿ, “ಏನು ಭಾವ, ಈಗಲೇ ಬೆವರು? ಇಳಿಯೋದಾದರೆ ಈಗಲೇ ಇಳಿದುಬಿಡಿ, ನಾಚಿಕೆ ಏನಿಲ್ಲ” ಅಂದ.

ಕುಂಬಾರ ತೆರೆದ ಬಾಯಿ ಮುಚ್ಚಿದ. ಗಾಡಿ ಹೊರಟಿತು.

ಏರುವಾಗ ನಿಧಾನ. ಕೆಳಗೆ ಸರಪಳಿ ಕಟಕಟ ಅನ್ನುತ್ತಿತ್ತು. ಮರಗಳು ಕೆಳಗಾದವು. ಮನೆಗಳು ಕೆಳಗಾದವು. ಕೆಳಗೆ ನಿಂತ ಹೆಂಡತಿ ಸೀರೆಯ ಬಣ್ಣವಷ್ಟೇ ಆದಳು. ಕುಂಬಾರನ ಕಣ್ಣು ಮಾತ್ರ ಸರಳಿನ ಕೆಳಗಿನ ಆ ಖಾಲಿ ಜಾಗವನ್ನು ಬಿಟ್ಟು ಕದಲಲಿಲ್ಲ. ಕೈ ಚಾಚಿ ಮಗಳ ಕೈ ಹಿಡಿದ.

ಅಂಗೈ ಹಿಮದಂತೆ ತಣ್ಣಗಿತ್ತು.

ಕುಂಬಾರನಿಗೆ ಆಗ ಹೊಳೆಯಿತು. ಒಳಗೆ ನೀರಿದೆ. ನೀರಿರುವುದನ್ನು ಬೆಂಕಿಗೆ ಇಟ್ಟುಬಿಟ್ಟಿದ್ದೇನೆ. ಬೆಂಕಿ ಹಚ್ಚಿದ ಆವಿಗೆಯನ್ನು ಯಾವ ಕುಂಬಾರನೂ ನಡುವೆ ತೆರೆಯಲಾರ.

“ಮಗಳೇ, ಭಯ ಆಗ್ತಿದೆಯಾ?” ಅಂದ. ಬೆಳಗ್ಗೆಯಿಂದ ಅದನ್ನು ಕೇಳಿದ್ದು ಅದೇ ಮೊದಲು.

ಮಗು ಅವನ ಮುಖ ನೋಡಿತು. ತುಟಿ ಬಿಚ್ಚಲಿಲ್ಲ.

“ನಿಲ್ಲಿಸೀ!” ಅಂತ ಕುಂಬಾರ ಕೂಗಿದ. “ನಿಲ್ಲಿಸ್ರಪ್ಪಾ! ಮಗು ಇದೆ, ನಿಲ್ಲಿಸೀ!”

ಗಾಡಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅಲ್ಲಿಗೆ ಬಂದ ಮೇಲೆ ಎಲ್ಲರೂ ಹಾಗೇ ಕೂಗುವವರು. ಹಿಂದೆ ಯಾರೋ ಅವನ ದನಿಯನ್ನೇ ಅಣಕಿಸಿ “ನಿಲ್ಲಿಸ್ರಪ್ಪಾ” ಅಂದರು. ಕೆಳಗೆ ಗಾಡಿ ನಡೆಸುವವನಿಗೂ ಕೇಳಿಸಿರಬಹುದು. ಅವನು ದಿನವೂ ಕೇಳುವ ಕೂಗು ಅದು.

ತುದಿಯಲ್ಲಿ ಗಾಡಿ ಒಂದು ಕ್ಷಣ ನಿಂತ ಹಾಗಾಯಿತು. ಮುಂದೆ ಹಳಿ ಕಾಣಲಿಲ್ಲ. ಆಕಾಶ ಮಾತ್ರ ಇತ್ತು.

ಆಮೇಲೆ ಬಿದ್ದಿತು.

ಕುಂಬಾರನನ್ನು ಸರಳು ಹಿಡಿದುಕೊಂಡಿತು. ಮಗಳನ್ನು ಹಿಡಿಯುವುದಕ್ಕೆ ಏನೂ ಇರಲಿಲ್ಲ. ಅವಳು ಸೀಟು ಬಿಟ್ಟು ಮೇಲೆದ್ದದ್ದು ಅವನಿಗೆ ಗೊತ್ತಾಯಿತು. ನೋಡಿ ಅಲ್ಲ, ಪಕ್ಕದಲ್ಲಿದ್ದ ಭಾರ ಇಲ್ಲವಾದದ್ದರಿಂದ. ಅವನು ಅಡ್ಡ ತಿರುಗಿ ಎರಡು ಕೈಯಿಂದಲೂ ಸಿಕ್ಕಿದ್ದನ್ನು ಹಿಡಿದ. ಲಂಗ ಸಿಕ್ಕಿತು, ರಟ್ಟೆ ಸಿಕ್ಕಿತು. ಎದೆಗೆ ಎಳೆದುಕೊಂಡ. ಗಾಡಿ ಎಡಕ್ಕೆ ವಾಲಿದಾಗ ಮಗು ಅವನ ಕೈಯಿಂದ ಜಾರಿತು, ಬಲಕ್ಕೆ ವಾಲಿದಾಗ ಮತ್ತೆ ಬಂದು ಅಪ್ಪಳಿಸಿತು. ಸರಳು ಪಕ್ಕೆಗೆ ನೆಟ್ಟಿತ್ತು. ಮನೆದೇವರನ್ನು ನೆನೆಯಲು ಹೋದ, ಹೆಸರೇ ಬಾಯಿಗೆ ಬರಲಿಲ್ಲ. ಸುತ್ತ ಎಲ್ಲರೂ ಸಂತೋಷಕ್ಕೆ ಕಿರುಚುತ್ತಿದ್ದರು. ಅವನೂ ಕಿರುಚುತ್ತಿದ್ದ. ಕೇಳಿದವರಿಗೆ ಎರಡೂ ಒಂದೇ.

ಗಾಡಿ ನಿಂತಾಗ ಮಗು ಅವನ ಕಂಕುಳಲ್ಲಿತ್ತು. ಸರಳು ಮೇಲೆದ್ದರೂ ಅವನ ಕೈ ಸಡಿಲವಾಗಲಿಲ್ಲ. ಕೆಲಸದವನೇ ಬಂದು ಬೆರಳು ಬಿಡಿಸಬೇಕಾಯಿತು. ಮಗುವಿನ ರಟ್ಟೆಯ ಮೇಲೆ ಹಸಿ ಜೇಡಿಯಲ್ಲಿ ಮೂಡಿದ ಹಾಗೆ ಅಪ್ಪನ ಬೆರಳು ಮೂಡಿದ್ದವು.

ಮಗು ಅಳಲಿಲ್ಲ.

“ಭೇಷ್!” ಅಂದ ಬಾಮೈದ. “ಒಂದು ಹನಿ ಕಣ್ಣೀರಿಲ್ಲ ನೋಡಿ ಭಾವ. ನಾನೇ ಸೋತೆ. ನೀವು ಹೇಳಿದ್ದು ಸರಿ, ಇದು ಬೆಂದ ಮಡಕೆ.”

ಕುಂಬಾರ ಮಗಳನ್ನು ಎತ್ತಿಕೊಂಡು ಒಂದು ಗೋಡೆಯ ಮರೆಗೆ ಹೋದ. ಅಲ್ಲಿ ಮಗು ವಾಂತಿ ಮಾಡಿತು. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಬರೀ ನೀರು ಬಂತು. ಅವನು ಪಂಚೆಯ ಚುಂಗಿನಿಂದ ಅವಳ ಬಾಯಿ ಒರೆಸಿದ.

“ಅಷ್ಟೊಂದು ಭಯ ಇತ್ತಲ್ಲ ನನ್ನವ್ವ, ಬೇಡ ಅಂತ ಯಾಕೆ ಹೇಳಲಿಲ್ಲ?”

ಮಗು ಅವನ ಅಂಗಿಯ ಗುಂಡಿ ತಿರುಗಿಸುತ್ತ ಹೇಳಿತು. “ಬೇಡ ಅಂದಿದ್ರೆ ಮಾವ ನಿನ್ನ ನೋಡಿ ನಗ್ತಿದ್ದ ಕಣಪ್ಪ.”

ಆ ಮೇಲೆ ಕುಂಬಾರ ಆ ಪಾರ್ಕಿನ ಕಡೆ ತಲೆ ಹಾಕಲಿಲ್ಲ. ಬಾಮೈದನ ಜೊತೆ ಮಾತಿಗೆ ಮಾತು ಬೆಳೆಸಲಿಲ್ಲ. ರಟ್ಟೆಯ ಮೇಲಿನ ಗುರುತು ಕೆಲವು ದಿನಕ್ಕೆ ಮಾಸಿತು. ಮಗು ಆಡಿತು, ಉಂಡಿತು, ಶಾಲೆಗೆ ಹೋಯಿತು. ನೋಡಿದವರಿಗೆ ಏನೂ ಆಗಿರಲಿಲ್ಲ.

ಕುಂಬಾರನಿಗೆ ಮಾತ್ರ ಹೊಸದೊಂದು ಭಯ ಹತ್ತಿಕೊಂಡಿತು. ಬಿಸಿಲಲ್ಲಿ ನಡೆಯುತ್ತೀಯಾ ಮಗಳೇ ಅಂದರೆ ಹೂಂ ಅನ್ನುತ್ತಾಳೆ. ಕೆರೆಗೆ ಇಳಿಯುತ್ತೀಯಾ ಅಂದರೆ ಹೂಂ. ಅತ್ತೆಯ ಮನೆಯಲ್ಲಿ ನಾಲ್ಕು ದಿನ ಇರುತ್ತೀಯಾ ಅಂದರೂ ಹೂಂ. ಅಮ್ಮನ ಹತ್ತಿರ ಹಟ ಮಾಡುತ್ತಾಳೆ, ಅಜ್ಜಿಯ ಹತ್ತಿರ ಮುನಿಯುತ್ತಾಳೆ. ಅಪ್ಪ ಕೇಳಿದರೆ ಮಾತ್ರ ಮೊದಲು ಅವನ ಮುಖ ನೋಡುತ್ತಾಳೆ, ಆಮೇಲೆ ಹೂಂ ಅನ್ನುತ್ತಾಳೆ. ಆ ಹೂಂನ ಒಳಗೆ ನೀರಿದೆಯೋ ಇಲ್ಲವೋ ಅವನಿಗೆ ತಿಳಿಯುವುದಿಲ್ಲ. ಅವಳು ಹೂಂ ಅಂದಾಗಲೆಲ್ಲ ಅವನಿಗೆ ಪಕ್ಕದ ಭಾರ ಇಲ್ಲವಾದ ಹಾಗಾಗುತ್ತದೆ.

ಗುರುಗಳು ಕತೆ ನಿಲ್ಲಿಸಿದರು. ಹೊರಗೆ ಯಾರೋ ಕಸ ಗುಡಿಸುವ ಸದ್ದು ಕೇಳುತ್ತಿತ್ತು.

ಗುರುಮಲ್ಲ ಬೆವರು ಒರೆಸಿಕೊಂಡ. “ಅಲ್ಲಿಗೆ ಆ ಮಗುವಿಗೆ ಇನ್ನೂ ವಯಸ್ಸಾಗಿರಲಿಲ್ಲ ಅನ್ನಿ ಬುದ್ಧಿ. ಒಂದೆರಡು ವರ್ಷ ತಡೆದು ಹತ್ತಿಸಿದ್ದರೆ ಸರಿಯಾಗುತ್ತಿತ್ತು.”

ಗುರುಗಳು ತಡೆದರು.

“ಮಗುವಿನ ಮಾತು ಬಿಡಪ್ಪ. ಮಗಳ ಬಾಯಿಂದ ಬೇಡ ಅನ್ನುವ ಮಾತು ಕೇಳಿಸಿಕೊಳ್ಳುವ ವಯಸ್ಸು ಆ ಅಪ್ಪನಿಗೇ ಇನ್ನೂ ಆಗಿರಲಿಲ್ಲ.”